ಪಿಚ್ ಡೆಕ್‌ಗೆ ಮೊದಲು ಲೆಕ್ಕದ ಪುಸ್ತಕ: ತುಮಕೂರಿನ ಒಂದು ಸೇವೆಯ ವಿಮರ್ಶೆ

ತುಮಕೂರಿನ ಸೋಮೇಶ್ವರಪುರಂನಲ್ಲಿ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಇಬ್ಬರು ಸೇರಿ ನಡೆಸುತ್ತಿರುವ ಸಣ್ಣ ಸೇವೆಯೊಂದರ ವಿಮರ್ಶೆ ಇದು. ಹೊಸ ಕಂಪನಿ ಕಟ್ಟುತ್ತಿರುವವರು ಹೂಡಿಕೆದಾರರ ಮುಂದೆ ಇಡಬೇಕಾದ ಪಿಚ್ ಡೆಕ್ಕನ್ನು, ಎಂದರೆ ತಮ್ಮ ವ್ಯವಹಾರವೇನು, ಅದರಲ್ಲಿ ಹಣ ಹೇಗೆ ಹುಟ್ಟುತ್ತದೆ, ಈಗ ಎಷ್ಟು ಹಣ ಬೇಕು ಮತ್ತು ಏಕೆ ಎಂಬುದನ್ನು ಹತ್ತು ಹನ್ನೆರಡು ಸ್ಲೈಡುಗಳಲ್ಲಿ ಹೇಳುವ ಕಡತವನ್ನು, ಇವರು ಸಿದ್ಧಪಡಿಸಿಕೊಡುತ್ತಾರೆ. ಒಬ್ಬರು ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಇನ್ನೊಬ್ಬರು ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಕಾಲ ವಿನ್ಯಾಸದ ಕೆಲಸ ಮಾಡಿ ಹಿಂತಿರುಗಿದ ಯುವತಿ. ಕೈತುಂಬ ಕೆಲಸವಿರುವಾಗ ಪ್ರಚಾರ ಬೇಡವೆಂದು ಅವರು ಕೇಳಿಕೊಂಡಿರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಇಂಥ ಸೇವೆಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದು ನಮ್ಮ ಜಿಲ್ಲೆಯಲ್ಲಿ ಕಂಪನಿ ಆರಂಭಿಸುತ್ತಿರುವ ಎಲ್ಲರಿಗೂ ಬೇಕಾದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಸೇವೆಯ ಬೆಲೆ ಇರುವುದು ಸ್ಲೈಡುಗಳಲ್ಲಲ್ಲ, ಸ್ಲೈಡು ಬರೆಯುವುದಕ್ಕೆ ಮುಂಚೆ ಅವರು ಕೇಳುವ ಪ್ರಶ್ನೆಗಳಲ್ಲಿ. ಅಂದವಾದ ಸ್ಲೈಡುಗಳು ಇಂದು ಯಾರಿಗೂ ದುರ್ಲಭವಲ್ಲ. ಕ್ಯಾನ್ವಾದಲ್ಲಿ ಸಿದ್ಧ ಮಾದರಿಗಳಿವೆ, ಗೂಗಲ್ ಸ್ಲೈಡ್ಸ್ ಉಚಿತವಾಗಿಯೇ ಸಿಗುತ್ತದೆ. ಯಾರ ಹಣಕ್ಕಾಗಿ, ಯಾವ ಲೆಕ್ಕದ ಮೇಲೆ ಈ ಡೆಕ್ ಎಂದು ಎದುರು ಕೂತು ಕೇಳುವವರು ಮಾತ್ರ ಅಪರೂಪ.

ನಮ್ಮದು ಕೊಬ್ಬರಿಗೆ ಸಂಬಂಧಿಸಿದ ಕಂಪನಿ. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಗುಬ್ಬಿ ಕಡೆಯ ರೈತರು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹಲವು ತಿಂಗಳು, ಕೆಲವೆಡೆ ವರ್ಷದವರೆಗೂ, ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟು ಗಿಟುಕು, ಎಂದರೆ ಇಡಿಯಾದ ಉಂಡೆ ಕೊಬ್ಬರಿ, ಆಗುತ್ತದೆ. ಒಣಗಿದೆಯೇ ಇಲ್ಲವೇ ಎಂಬುದನ್ನು ಅನುಭವಸ್ಥರು ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗಿನ ಸದ್ದಿನಿಂದಲೇ ಹೇಳುತ್ತಾರೆ. ಅವಸರದಲ್ಲಿ ಒಡೆದ ಕಾಯಿಯಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಅಥವಾ ಗಿಟುಕು ಇಡಿಯಾಗಿ ಬರದೆ ಚೂರಾಗಿ ದರ ಬಿದ್ದುಹೋಗುತ್ತದೆ. ಕಾಯಿಯನ್ನು ತಟ್ಟಿ, ಆ ಸದ್ದನ್ನು ಅಳೆದು, ಒಡೆಯಲು ಹದವಾಗಿದೆಯೇ ಎಂದು ಹೇಳುವ ಕೈಸಾಧನವೊಂದನ್ನು ನಾವು ಮಾಡಿದ್ದೇವೆ. ಅದನ್ನು ಕಾಯಿ ಸುಲಿದು ಒಡೆಯುವ ಗುಂಪುಗಳಿಗೆ ಬಾಡಿಗೆಗೆ ಕೊಡುವುದು ನಮ್ಮ ವ್ಯವಹಾರ. ಈ ಸೇವೆಯ ಬಾಗಿಲು ತಟ್ಟುವ ಹೊತ್ತಿಗೆ ನಮ್ಮ ಕೈಯಲ್ಲಿ ಆಗಲೇ ಒಂದು ಡೆಕ್ ಇತ್ತು. ಬೇರೊಂದು ಊರಿನ ಏಜೆನ್ಸಿಯೊಂದು ಮಾಡಿಕೊಟ್ಟಿದ್ದ ಅದರ ಬಣ್ಣ, ಚಿತ್ರ ಎಲ್ಲವೂ ಚೆನ್ನಾಗಿದ್ದವು. ಮಾರುಕಟ್ಟೆಯ ಗಾತ್ರ ಹೇಳುವ ಸ್ಲೈಡಿನಲ್ಲಿ ಪ್ರಪಂಚದ ತೆಂಗಿನ ಉತ್ಪನ್ನಗಳ ಒಟ್ಟು ವಹಿವಾಟನ್ನು ಡಾಲರುಗಳಲ್ಲಿ ಬರೆದು, ಅದರಲ್ಲಿ ಶೇಕಡಾ ಒಂದು ನಮಗೆ ಸಿಕ್ಕರೆ ಸಾಕು ಎಂದು ಹಾಕಿದ್ದರು.

ಹಿರಿಯರು ಆ ಸ್ಲೈಡನ್ನು ನೋಡಿ ಕೇಳಿದ ಮೊದಲ ಪ್ರಶ್ನೆ ಅದರ ಕುರಿತಾಗಿರಲಿಲ್ಲ. "ಇದನ್ನು ಯಾರ ಕೈಗೆ ಕೊಡ್ತೀರಿ? ಅವರ ದುಡ್ಡು ಅವರದ್ದೇನಾ, ಇನ್ನೊಬ್ಬರದ್ದಾ? ಅದು ಎಷ್ಟು ವರ್ಷಕ್ಕೆ, ಎಷ್ಟಾಗಿ ವಾಪಸ್ ಬರಬೇಕು ಅವರಿಗೆ?" ಎಂದು ಕೇಳಿದರು. ಬ್ಯಾಂಕಿನವರಿಗೆ ಸಹಜವಾದ ಪ್ರಶ್ನೆ ಇದು. ಸ್ಟಾರ್ಟಪ್‌ಗಳ ಮಾತುಕತೆಗಳಲ್ಲಿ ಇದನ್ನು ಇಷ್ಟು ನೇರವಾಗಿ ಕೇಳಿದವರನ್ನು ನಾನು ಕಂಡಿರಲಿಲ್ಲ.

ಈ ಪ್ರಶ್ನೆಯಿಂದ ಎಲ್ಲವೂ ಹೇಗೆ ಬದಲಾಗುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳಿದರು. ವೆಂಚರ್ ಫಂಡ್ ಎಂಬುದು ಇತರರ ಹಣವನ್ನು ಕೂಡಿಸಿ ಹೂಡುವ ನಿಧಿ. ನಮ್ಮ ದೇಶದಲ್ಲಿ ಅದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳ ಅಡಿಯಲ್ಲಿ ನಡೆಯುತ್ತದೆ, ಅದಕ್ಕೊಂದು ಅವಧಿ ಇರುತ್ತದೆ, ಆ ಅವಧಿಯೊಳಗೆ ಹಣ ಕೊಟ್ಟವರಿಗೆ ಲಾಭದೊಂದಿಗೆ ಹಿಂತಿರುಗಿಸಬೇಕಾಗುತ್ತದೆ. ಹೂಡಿದ ಕಂಪನಿಗಳಲ್ಲಿ ಹಲವು ಮುಳುಗುತ್ತವೆ ಎಂದು ತಿಳಿದೇ ಅವರು ಹೂಡುವುದರಿಂದ, ಉಳಿದ ಒಂದೆರಡು ಕಂಪನಿಗಳು ಇಡೀ ನಿಧಿಯ ನಷ್ಟವನ್ನು ತುಂಬುವಷ್ಟು ಬೆಳೆಯಲೇಬೇಕು. ಆದ್ದರಿಂದ ಕಂಪನಿ ಚೆನ್ನಾಗಿ ನಡೆದರೆ ಎಷ್ಟು ದೊಡ್ಡದಾಗಬಲ್ಲದು ಎಂಬುದೇ ಅವರಿಗೆ ಮೊದಲ ಪ್ರಶ್ನೆ. ಏಂಜೆಲ್ ಹೂಡಿಕೆದಾರರು ತಮ್ಮ ಸ್ವಂತ ಹಣ ಹಾಕುತ್ತಾರೆ. ಆ ಕ್ಷೇತ್ರವನ್ನು ಬಲ್ಲವರಾದರೆ ಗಾತ್ರಕ್ಕಿಂತ ಹೆಚ್ಚಾಗಿ ಕಂಪನಿ ನಡೆಸುವವರನ್ನು ಮತ್ತು ಅವರ ಕೆಲಸವನ್ನು ನೋಡುತ್ತಾರೆ. ಸರ್ಕಾರದ ಅನುದಾನಕ್ಕೆ ಬೇಕಾದದ್ದು ಹೊಸತನ ಮತ್ತು ಸಾರ್ವಜನಿಕ ಪ್ರಯೋಜನ. ಬ್ಯಾಂಕಿಗೆ ಬೇಕಾದದ್ದು ಕಂತು ಕಟ್ಟುವ ಸಾಮರ್ಥ್ಯ. ಈ ನಾಲ್ವರ ಮುಂದೆಯೂ ಒಂದೇ ಡೆಕ್ ಹಿಡಿದುಕೊಂಡು ಹೋಗುವುದು ಎಲ್ಲ ಬೀಗಕ್ಕೂ ಒಂದೇ ಬೀಗದ ಕೈ ಹಾಕಿದಂತೆ.

ಆ ಬಳಿಕ ಅವರು ಮಾರುಕಟ್ಟೆಯ ಗಾತ್ರದ ಸ್ಲೈಡಿಗೆ ಬಂದರು. ಪ್ರಪಂಚದ ಅಂಕಿಯನ್ನು ಹೊಡೆದುಹಾಕಿ, ಕೆಳಗಿನಿಂದ ಮೇಲಕ್ಕೆ ಲೆಕ್ಕ ಕಟ್ಟಿಸಿದರು. ಅವರು ತೋರಿಸಿದ ರೀತಿಯನ್ನು ಊಹೆಯ ಅಂಕಿಗಳಿಂದ ವಿವರಿಸುತ್ತೇನೆ. ಸಾಧನದ ಬಾಡಿಗೆ ತಿಂಗಳಿಗೆ ₹1,500 ಎಂದಿಟ್ಟುಕೊಂಡರೆ ಒಂದು ಗುಂಪಿನಿಂದ ವರ್ಷಕ್ಕೆ ₹18,000. ಸಾವಿರ ಗುಂಪುಗಳು ತೆಗೆದುಕೊಂಡರೆ ₹1.8 ಕೋಟಿ, ಐದು ಸಾವಿರ ಗುಂಪುಗಳು ತೆಗೆದುಕೊಂಡರೆ ₹9 ಕೋಟಿ. ಉಂಡೆ ಕೊಬ್ಬರಿ ಹೆಚ್ಚಾಗಿ ಕರ್ನಾಟಕದ ಬೆಳೆ. ತುಮಕೂರಿನ ಜೊತೆಗೆ ಹಾಸನ ಜಿಲ್ಲೆಯ ಅರಸೀಕೆರೆ, ಚನ್ನರಾಯಪಟ್ಟಣ, ಚಿತ್ರದುರ್ಗದ ಹೊಸದುರ್ಗ, ಚಿಕ್ಕಮಗಳೂರಿನ ಕಡೂರು ಸೇರಿಸಿದರೆ ಅದರ ಬಹುಭಾಗ ಬಂದುಬಿಡುತ್ತದೆ. ಈ ಸೀಮೆಯಲ್ಲಿ ಅಷ್ಟು ಗುಂಪುಗಳಿವೆಯೇ, ಇದ್ದರೆ ವರ್ಷದ ಎಷ್ಟು ತಿಂಗಳು ಅವರಿಗೆ ಕೆಲಸವಿರುತ್ತದೆ, ಕೆಲಸವಿಲ್ಲದ ತಿಂಗಳಲ್ಲಿ ಅವರು ಬಾಡಿಗೆ ಕೊಡುತ್ತಾರೆಯೇ ಎಂದು ಹಿರಿಯರು ಒಂದೊಂದಾಗಿ ಕೇಳುತ್ತಾ ಹೋದಂತೆ, ಬರೀ ಬಾಡಿಗೆಯ ವ್ಯವಹಾರಕ್ಕೆ ಒಂದು ಮಿತಿ ಇದೆ ಎಂಬುದು ಹಾಳೆಯ ಮೇಲೆ ಸ್ಪಷ್ಟವಾಗಿ ಕಾಣಿಸಿತು. ಇದರಿಂದ ವ್ಯವಹಾರ ಕೆಟ್ಟದ್ದೆಂದು ಅರ್ಥವಲ್ಲ. ಇಬ್ಬರು ಮೂವರು ಪಾಲುದಾರರು ಗೌರವದಿಂದ ನಡೆಸಬಹುದಾದ, ಸಾಲ ಕೊಟ್ಟವರಿಗೂ ಕಂತು ಕಟ್ಟಬಹುದಾದ ವ್ಯವಹಾರವೇ ಅದು. ಆದರೆ ವೆಂಚರ್ ಫಂಡ್ ಬಯಸುವ ಗಾತ್ರ ಅದರಲ್ಲಿ ಇಲ್ಲ.

ಹೂಡಿಕೆದಾರರ ಭಾಷೆಯಲ್ಲಿ ಟ್ಯಾಮ್, ಸ್ಯಾಮ್, ಸೋಮ್ ಎಂದು ಕರೆಯುವ ಮೂರು ಅಂಕಿಗಳಿವೆ: ಇಡೀ ಮಾರುಕಟ್ಟೆ, ಅದರಲ್ಲಿ ನಮ್ಮ ಸರಕು ಹೊಂದುವ ಭಾಗ, ಅದರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ನಿಜಕ್ಕೂ ನಮ್ಮ ಕೈಗೆ ಸಿಗುವ ಭಾಗ. ಸಾಮಾನ್ಯವಾಗಿ ಡೆಕ್ ಮಾಡಿಕೊಡುವವರು ಮೊದಲನೆಯ ಅಂಕಿಯನ್ನು ಯಾವುದೋ ವರದಿಯಿಂದ ತೆಗೆದುಕೊಂಡು, ಉಳಿದೆರಡನ್ನು ಶೇಕಡಾವಾರು ಕತ್ತರಿಸಿ ಇಟ್ಟುಬಿಡುತ್ತಾರೆ. ಇವರು ಮೂರನೆಯದರಿಂದ ಶುರುಮಾಡುತ್ತಾರೆ. ಗಿರಾಕಿ ಯಾರು, ಊರು ಯಾವುದು, ಎಷ್ಟು ಕೊಡುತ್ತಾನೆ ಎಂಬುದಕ್ಕೆ ಉತ್ತರವಿಲ್ಲದೆ ಮುಂದಿನ ಹಾಳೆಗೆ ಹೋಗಗೊಡುವುದಿಲ್ಲ. ತಿಪಟೂರಿನ ಎಪಿಎಂಸಿ ಪ್ರಾಂಗಣಕ್ಕೆ ಹೋಗಿ ದಲ್ಲಾಳಿಗಳನ್ನೂ ಖರೀದಿದಾರರನ್ನೂ ಮಾತನಾಡಿಸಿ ಬನ್ನಿ ಎಂದು ಅವರು ನಮ್ಮನ್ನು ಕಳುಹಿಸಿದ್ದು ಈ ಕಾರಣಕ್ಕೆ. ಡೆಕ್ ಮಾಡಿಸಲು ಹಣ ಕೊಟ್ಟವರನ್ನು ಮಾರುಕಟ್ಟೆಗೆ ಓಡಿಸುವ ಸೇವೆ ಕೆಲವರಿಗೆ ಹಿಡಿಸದೆ ಇರಬಹುದು. ನನ್ನ ದೃಷ್ಟಿಯಲ್ಲಿ ಅವರು ಪಡೆದ ಶುಲ್ಕದ ಅರ್ಧ ಭಾಗ ಅಲ್ಲಿಯೇ ತೀರಿತು.

ಆ ಮಾತುಕತೆಗಳಿಂದ ಹೊರಬಂದ ವಿಷಯವೇ ಈಗ ನಮ್ಮ ಡೆಕ್ಕಿನ ನಡುಗಂಬ. ಸುಲಿಯುವ ಗುಂಪಿಗಿಂತ ಹೆಚ್ಚಾಗಿ ಖರೀದಿದಾರನಿಗೆ ನಮ್ಮ ಅಳತೆ ಬೇಕಾಗಿದೆ. ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತದ ಊರುಗಳಿಗೆ ಲಾರಿಗಳಲ್ಲಿ ಹೋಗುತ್ತದೆ. ದಾರಿಯಲ್ಲಿ, ಗೋದಾಮಿನಲ್ಲಿ ತೇವದಿಂದ ಹಾಳಾಗುವ ಸರಕಿನ ನಷ್ಟ ಖರೀದಿದಾರನ ತಲೆಗೆ ಬರುತ್ತದೆ. ಕರ್ನಾಟಕದ ಮಾರುಕಟ್ಟೆಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಆನ್‌ಲೈನ್ ಟೆಂಡರ್ ಬಂದಿದೆ. ದೂರದಿಂದ ದರ ಹಾಕುವವನಿಗೆ ಸರಕಿನ ಗುಣಮಟ್ಟದ ನಂಬಲರ್ಹ ಅಳತೆ ಇದ್ದರೆ ದರ ಹಾಕುವ ಧೈರ್ಯ ಹೆಚ್ಚುತ್ತದೆ. ಈಗಲೇ ಏಕೆ ಎಂಬ ಸ್ಲೈಡಿಗೂ ಉತ್ತರ ಇಲ್ಲಿಯೇ ಸಿಕ್ಕಿತು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಮಾಡಿದ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲ್‌ಗೆ ₹12,000, 2025ರ ಹಂಗಾಮಿಗೆ ₹12,100. ಅದೇ 2025ರ ನಡುಭಾಗದಲ್ಲಿ ತಿಪಟೂರು ಮಾರುಕಟ್ಟೆಯ ದರ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತ್ತು. ದರ ಏರಿದಂತೆಲ್ಲ ಹಾಳಾಗುವ ಒಂದೊಂದು ಗಿಟುಕಿನ ಬೆಲೆಯೂ ಏರುತ್ತದೆ, ಅಳತೆಗಾಗಿ ಹಣ ಕೊಡುವ ಮನಸ್ಸೂ ಬರುತ್ತದೆ. ಹಳೆಯ ಡೆಕ್ಕಿನಲ್ಲಿ ಇದೇ ಸ್ಲೈಡಿನಲ್ಲಿ ಕೃತಕ ಬುದ್ಧಿಮತ್ತೆಯ ಯುಗ ಬಂದಿದೆ ಎಂಬ ಸಾಲೊಂದಿತ್ತು. ಅದನ್ನು ತೆಗೆದು ಈ ಎರಡು ದರಗಳನ್ನು ಹಾಕಿದ ಮೇಲೆ ಅದು ಯಾವ ಊರಿನ, ಯಾವ ವ್ಯವಹಾರದ ಡೆಕ್ ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಸ್ಲೈಡುಗಳ ಕ್ರಮದ ವಿಷಯದಲ್ಲಿ ಅವರು ಹೊಸತನದ ಹಟ ಹಿಡಿಯುವುದಿಲ್ಲ. ಅಮೆರಿಕದ ವೆಂಚರ್ ಹೂಡಿಕೆ ಸಂಸ್ಥೆ ಸಿಕೋಯಾ ಕ್ಯಾಪಿಟಲ್ ಪ್ರಕಟಿಸಿರುವ, ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಕ್ರಮವನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ: ಕಂಪನಿಯ ಉದ್ದೇಶ, ಸಮಸ್ಯೆ, ಪರಿಹಾರ, ಈಗಲೇ ಏಕೆ, ಮಾರುಕಟ್ಟೆ, ಸ್ಪರ್ಧೆ, ಆದಾಯದ ರೀತಿ, ತಂಡ, ಹಣಕಾಸು, ಮುಂದಿನ ನೋಟ. ಅಮೆರಿಕದ ಹೂಡಿಕೆದಾರ, ಲೇಖಕ ಗೈ ಕಾವಾಸಾಕಿ 2005ರಲ್ಲಿ ಬರೆದ ಹತ್ತು ಸ್ಲೈಡು, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ ಎಂಬ ನಿಯಮವನ್ನು ಕೋಣೆಯಲ್ಲಿ ನಿಂತು ಹೇಳುವ ಡೆಕ್ಕಿಗೆ ಪಾಲಿಸುತ್ತಾರೆ. ಇಮೇಲಿನಲ್ಲಿ ಕಳುಹಿಸುವ ಡೆಕ್ಕನ್ನು ಬೇರೆಯಾಗಿಯೇ ಮಾಡುತ್ತಾರೆ, ಏಕೆಂದರೆ ಅಲ್ಲಿ ವಿವರಿಸಲು ನಾವು ಎದುರಿಗೆ ಇರುವುದಿಲ್ಲ. ಡಾಕ್‌ಸೆಂಡ್ ಎಂಬ ಸಂಸ್ಥೆ 2015ರಲ್ಲಿ ಇನ್ನೂರು ಸ್ಟಾರ್ಟಪ್‌ಗಳ ಡೆಕ್ಕುಗಳನ್ನು ಪರಿಶೀಲಿಸಿದಾಗ, ಹೂಡಿಕೆದಾರರು ಒಂದು ಡೆಕ್ ನೋಡಲು ಸರಾಸರಿ 3 ನಿಮಿಷ 44 ಸೆಕೆಂಡು ತೆಗೆದುಕೊಳ್ಳುತ್ತಾರೆಂದು ಕಂಡುಬಂದಿತ್ತು. ಈ ಅಂಕಿಯನ್ನು ಹೇಳಿದ ಯುವತಿ, ಪ್ರತಿ ಸ್ಲೈಡಿನ ತಲೆಬರಹವನ್ನೂ ಪೂರ್ಣ ವಾಕ್ಯವಾಗಿ ಬರೆಯಿಸಿದರು. "ಸಮಸ್ಯೆ" ಎಂಬ ತಲೆಬರಹ ಹೋಗಿ "ಹದವಾಗದ ಕಾಯಿ ಒಡೆದರೆ ನಷ್ಟ ಖರೀದಿದಾರನಿಗೆ" ಎಂದಾಯಿತು. ತಲೆಬರಹಗಳನ್ನಷ್ಟೇ ಸಾಲಾಗಿ ಓದಿಕೊಂಡು ಹೋದರೂ ವ್ಯವಹಾರ ಅರ್ಥವಾಗಬೇಕು ಎಂಬುದು ಅವರ ಕಟ್ಟುನಿಟ್ಟು. ವಿನ್ಯಾಸದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅದು ಅಚ್ಚುಕಟ್ಟಾಗಿದೆ, ಎಲ್ಲಿಯೂ ಅತಿಯಾಗಿಲ್ಲ.

ಹಣ ಕೇಳುವ ಸ್ಲೈಡಿನ ಮೇಲೆ ಅವರು ಹಾಕಿದ ಶ್ರಮವನ್ನು ಮಾತ್ರ ವಿಶೇಷವಾಗಿ ಹೇಳಲೇಬೇಕು. ಹಲವು ಡೆಕ್ಕುಗಳಲ್ಲಿ ಇಷ್ಟು ಹಣ ಬೇಕೆಂಬ ಒಂದೇ ಸಾಲಿರುತ್ತದೆ, ಪಕ್ಕದಲ್ಲಿ ಮಾರ್ಕೆಟಿಂಗಿಗೆ ಇಷ್ಟು, ತಂತ್ರಜ್ಞಾನಕ್ಕೆ ಇಷ್ಟು ಎಂದು ಬಣ್ಣದ ವೃತ್ತವಿರುತ್ತದೆ. ಇವರು ಆ ವೃತ್ತವನ್ನು ಒಪ್ಪುವುದಿಲ್ಲ. ಈ ಹಣ ಎಷ್ಟು ತಿಂಗಳಿಗೆ ಸಾಕಾಗುತ್ತದೆ, ಆ ಹೊತ್ತಿಗೆ ಏನು ಸಾಧಿಸಿರುತ್ತೀರಿ, ಹಾಗೆ ಸಾಧಿಸಿದ್ದನ್ನು ನೋಡಿ ಮುಂದಿನ ಹೂಡಿಕೆದಾರ ಏಕೆ ಬರುತ್ತಾನೆ ಎಂದು ಕೇಳುತ್ತಾರೆ. ತಿಂಗಳ ಖರ್ಚಿನಿಂದ ಆದಾಯವನ್ನು ಕಳೆದರೆ ಕೈಯಿಂದ ಕರಗುವ ಹಣ; ಇರುವ ಹಣವನ್ನು ಅದರಿಂದ ಭಾಗಿಸಿದರೆ ಉಳಿದಿರುವ ತಿಂಗಳುಗಳು. ಲೆಕ್ಕ ಸರಳ. ಕೊಬ್ಬರಿಯಂಥ ಹಂಗಾಮಿನ ವ್ಯವಹಾರದಲ್ಲಿ ಆದಾಯ ಪ್ರತಿ ತಿಂಗಳೂ ಒಂದೇ ರೀತಿ ಬರುವುದಿಲ್ಲವಾದ್ದರಿಂದ ಸರಾಸರಿ ಹಾಕದೆ ತಿಂಗಳು ತಿಂಗಳಿಗೂ ಬರೆಯಬೇಕು ಎಂದು ಹಿರಿಯರು ಪಟ್ಟು ಹಿಡಿದರು. ಹಾಗೆ ಬರೆದಾಗಲೇ ಹಣ ಎಲ್ಲಿ ತೀರಾ ಕೆಳಗಿಳಿಯುತ್ತದೆ ಎಂಬುದು ಕಾಣುತ್ತದೆ.

ಪಾಲಿನ ಲೆಕ್ಕವನ್ನೂ ಅವರು ಹಾಗೆಯೇ ಕೂರಿಸಿ ಮಾಡಿಸುತ್ತಾರೆ. ಹಣ ಬರುವ ಮುಂಚೆ ಕಂಪನಿಯ ಮೌಲ್ಯ ₹4.5 ಕೋಟಿ ಎಂದು ಒಪ್ಪಿ ₹50 ಲಕ್ಷ ತೆಗೆದುಕೊಂಡರೆ, ಬಂದ ಮೇಲಿನ ಮೌಲ್ಯ ₹5 ಕೋಟಿ, ಹೂಡಿಕೆದಾರನ ಪಾಲು ಶೇಕಡಾ 10. ಅದೇ ₹4.5 ಕೋಟಿಯನ್ನು ಹಣ ಬಂದ ಮೇಲಿನ ಮೌಲ್ಯವೆಂದು ಒಪ್ಪಿದರೆ ಪಾಲು ಶೇಕಡಾ 11ನ್ನು ದಾಟುತ್ತದೆ. ಮಾತುಕತೆಯಲ್ಲಿ ಯಾವ ಮೌಲ್ಯದ ವಿಷಯ ಹೇಳುತ್ತಿದ್ದೇವೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳದಿದ್ದರೆ ಈ ವ್ಯತ್ಯಾಸ ಸಹಿ ಹಾಕುವ ದಿನ ಹೊರಬರುತ್ತದೆ. ಮುಂದೆ ನೌಕರರಿಗೆಂದು ತೆಗೆದಿಡುವ ಷೇರುಗಳು ಯಾರ ಪಾಲಿನಿಂದ ಹೋಗುತ್ತವೆ ಎಂಬುದನ್ನೂ ಇದೇ ಹಾಳೆಯಲ್ಲಿ ಬರೆಸಿದರು. ಮೌಲ್ಯವನ್ನು ಡೆಕ್ಕಿನಲ್ಲಿ ಬರೆಯುವುದು ಬೇಡ, ಬೇಕಾದ ಹಣವನ್ನು ಬರೆದು ಮೌಲ್ಯವನ್ನು ಮಾತಿಗೆ ಬಿಡಿ ಎಂಬುದು ಅವರ ಸಲಹೆ. ಅದು ನನಗೆ ಸರಿಯೆನ್ನಿಸಿತು.

ಕಾನೂನಿನ ವಿಷಯದಲ್ಲಿ ಅವರು ತಾವು ವಕೀಲರಲ್ಲ, ಕಂಪನಿ ಸೆಕ್ರೆಟರಿಯನ್ನು ಕೇಳಿ ಎಂದು ಮೊದಲೇ ಹೇಳುತ್ತಾರೆ. ಆದರೂ ಎರಡು ಎಚ್ಚರಿಕೆಗಳನ್ನು ಕೊಟ್ಟರು, ಎರಡೂ ಬಹಳ ಉಪಯುಕ್ತ. ಮೊದಲನೆಯದು, ಖಾಸಗಿ ಕಂಪನಿಯ ಷೇರುಗಳನ್ನು ಸಾರ್ವಜನಿಕವಾಗಿ ಜಾಹೀರಾತು ಮಾಡಿ ಮಾರುವಂತಿಲ್ಲ. 2013ರ ಕಂಪನಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ ಖಾಸಗಿ ಹಂಚಿಕೆಯ, ಎಂದರೆ ಆಯ್ದ ಜನರಿಗೆ ಮಾತ್ರ ಷೇರು ಕೊಡುವ, ಆಹ್ವಾನವನ್ನು, ಸಾಂಸ್ಥಿಕ ಖರೀದಿದಾರರು ಮತ್ತು ನೌಕರರ ಷೇರು ಯೋಜನೆಯನ್ನು ಬಿಟ್ಟು, ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಕೊಡುವಂತಿಲ್ಲ, ಮತ್ತು ಅರ್ಜಿಯ ಹಣ ಬಂದ 60 ದಿನಗಳೊಳಗೆ ಷೇರು ಹಂಚಬೇಕು. ಆದ್ದರಿಂದ ಹಣ ಕೇಳುವ ಸ್ಲೈಡಿರುವ ಡೆಕ್ಕನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವುದು, "ಹೂಡಿಕೆದಾರರು ಬೇಕಾಗಿದ್ದಾರೆ" ಎಂದು ಎಲ್ಲರಿಗೂ ಕಳುಹಿಸುವುದು ಬೇಡವೆಂದು ಅವರು ಹೇಳಿದರು. ನಮ್ಮ ಊರಿನಲ್ಲಿ ನೆಂಟರಿಷ್ಟರ ಗುಂಪು, ಬಡಾವಣೆಯ ಗುಂಪು ಎಂದು ನೂರಾರು ಜನರಿರುವ ಗುಂಪುಗಳಿಗೆ ಏನನ್ನಾದರೂ ಹಾಕುವುದು ಸುಲಭವಾಗಿರುವುದರಿಂದ ಈ ಮಾತು ಮುಖ್ಯ. ಎರಡನೆಯದು, ಹಳೆಯ ಮಾದರಿಗಳನ್ನು ನಕಲು ಮಾಡುವವರಿಗೆ ಸಂಬಂಧಿಸಿದ್ದು. ಷೇರನ್ನು ನ್ಯಾಯಯುತ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಕೊಟ್ಟರೆ ಆ ಹೆಚ್ಚಿನ ಹಣದ ಮೇಲೆ ಕಂಪನಿ ಕಟ್ಟಬೇಕಾಗಿದ್ದ, 2012ರಲ್ಲಿ ಬಂದಿದ್ದ ಏಂಜೆಲ್ ತೆರಿಗೆಯನ್ನು 2024ರ ಜುಲೈ ಬಜೆಟ್ಟಿನಲ್ಲಿ ತೆಗೆದುಹಾಕಲಾಗಿದೆ. ಅದಕ್ಕಾಗಿ ಹೆಚ್ಚುವರಿ ಹಣ ತೆಗೆದಿಡುವ ಸಾಲು ಇನ್ನೂ ಕೆಲವು ಲೆಕ್ಕದ ಮಾದರಿಗಳಲ್ಲಿ ಉಳಿದುಕೊಂಡಿದೆ. ಅಂಥ ಸಾಲು ಕಂಡರೆ ಹೂಡಿಕೆದಾರನಿಗೆ ಲೆಕ್ಕವನ್ನು ನಾವೇ ಮಾಡಿಲ್ಲವೆಂಬುದು ತಿಳಿದುಹೋಗುತ್ತದೆ.

ಕೊನೆಗೆ ನಮಗೆ ಸಿಕ್ಕಿದ್ದು ಒಂದೇ ಲೆಕ್ಕದ ಮೇಲೆ ನಿಂತ ಎರಡು ಡೆಕ್ಕುಗಳು. ಒಂದು ಅನುದಾನಕ್ಕಾಗಿ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ₹50 ಲಕ್ಷದವರೆಗೆ ಅನುದಾನವಿದೆ, ಅದಕ್ಕೆ ಪಾಲು ಬಿಟ್ಟುಕೊಡಬೇಕಿಲ್ಲ, ಆದರೆ ತೀರ್ಪುಗಾರರ ಮುಂದೆ ಪಿಚ್ ಮಾಡಬೇಕು. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ 2021ರಲ್ಲಿ ₹945 ಕೋಟಿಯೊಂದಿಗೆ ಆರಂಭವಾಯಿತು. ಅದರ ನಿಯಮಗಳಲ್ಲಿ ಪರಿಕಲ್ಪನೆಯನ್ನು ಸಾಬೀತುಪಡಿಸಲು ₹20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಹೋಗಲು ₹50 ಲಕ್ಷದವರೆಗೆ ಸಾಲ ಅಥವಾ ಪರಿವರ್ತನೀಯ, ಎಂದರೆ ಮುಂದೆ ಷೇರಾಗಿ ಬದಲಾಗಬಲ್ಲ, ಸಾಲಪತ್ರದ ರೂಪದ ನೆರವು ಇತ್ತು, ಅರ್ಜಿಯ ವೇಳೆಗೆ ಕಂಪನಿ ಹುಟ್ಟಿ ಎರಡು ವರ್ಷ ಮೀರಿರಬಾರದೆಂಬ ಷರತ್ತಿತ್ತು. ಇಂಥ ಯೋಜನೆಗಳು ಅರ್ಜಿ ಕರೆಯುವ ಕಾಲ ಬೇರೆ ಬೇರೆಯಾದ್ದರಿಂದ ಯಾವುದು ಈಗ ತೆರೆದಿದೆ ಎಂಬುದನ್ನು ಅರ್ಜಿ ಹಾಕುವವರೇ ನೋಡಿಕೊಳ್ಳಬೇಕು. ಸರ್ಕಾರದ ಸ್ಟಾರ್ಟಪ್ ಮಾನ್ಯತೆಗೆ ಏಕಮಾಲೀಕತ್ವದ ಅಂಗಡಿ ಸಾಲದು, ನೋಂದಾಯಿತ ಪಾಲುದಾರಿಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿಯಂಥ ಸಂಸ್ಥೆ ಆಗಿರಬೇಕೆಂಬುದನ್ನು ಹಿರಿಯರು ಮೊದಲ ಭೇಟಿಯಲ್ಲೇ ಎಲ್ಲರಿಗೂ ಹೇಳುತ್ತಾರೆ. ಇನ್ನೊಂದು ಡೆಕ್ ಏಂಜೆಲ್ ಹೂಡಿಕೆದಾರರಿಗೆ, ಅದರಲ್ಲಿಯೂ ಕೊಬ್ಬರಿ ವ್ಯಾಪಾರವನ್ನು ತಲೆಮಾರುಗಳಿಂದ ಬಲ್ಲ ಮನೆತನದವರಿಗೆ. ಅವರಿಗೆ ಸಮಸ್ಯೆಯ ಸ್ಲೈಡು ಬೇಕಾಗುವುದಿಲ್ಲ. ಅದನ್ನು ಅವರೇ ನಮಗೆ ಹೇಳಬಲ್ಲರು. ಅಳತೆ ಎಷ್ಟು ಸಲ ಸರಿಬರುತ್ತದೆ ಎಂಬ ಸ್ಲೈಡನ್ನು ಅವರಿಗಾಗಿ ಮುಂದಕ್ಕೆ ತಂದಿದ್ದೇವೆ. ವೆಂಚರ್ ಫಂಡ್‌ಗೆ ಬೇಕಾದ ಡೆಕ್ಕನ್ನು ಅವರು ಮಾಡಿಕೊಡಲಿಲ್ಲ, ಖರೀದಿದಾರರ ಕಡೆಯಿಂದ ನಿಯಮಿತ ಆದಾಯ ಬಂದ ಮೇಲೆ ಬನ್ನಿ ಎಂದರು. ಕೇಳಿದ ಕೆಲಸಕ್ಕೆ ಹಣ ಪಡೆದು ಮುಗಿಸಿಬಿಡಬಹುದಾಗಿದ್ದ ಜಾಗದಲ್ಲಿ ಬೇಡವೆಂದು ಹೇಳಿದ ಅವರ ಪ್ರಾಮಾಣಿಕತೆಯನ್ನು ನಾನು ತುಂಬ ಗೌರವಿಸುತ್ತೇನೆ.

ಪ್ರಶ್ನೋತ್ತರದ ಅಭ್ಯಾಸವೂ ಇದೇ ಶುಲ್ಕದಲ್ಲಿ ಸೇರಿದೆ. ನಮ್ಮ ಪಾಲುದಾರರಲ್ಲಿ ಮಾತನಾಡಲು ಸಂಕೋಚಪಡುವವರನ್ನೇ ಮುಂದೆ ನಿಲ್ಲಿಸಿ, "ಅಲ್ರೀ, ನಮ್ಮ ತಾತನ ಕಾಲದಿಂದ ಅಲುಗಿಸಿ ನೋಡಿ ಒಡೀತಿದೀವಿ, ನಿಮ್ಮ ಯಂತ್ರ ಯಾಕೆ ಬೇಕು?" ಎಂದು ಹಿರಿಯರೇ ಸಾಹುಕಾರರಾಗಿ ಕೂತು ಕೇಳಿದರು. ನುರಿತ ಕೈಗಳು ಕಡಿಮೆಯಾಗುತ್ತಿವೆ, ಹೊಸಬರಿಗೆ ಆ ಕಿವಿ ಇಲ್ಲ ಎಂಬ ಉತ್ತರ ನಮ್ಮ ಪಾಲುದಾರರ ಬಾಯಿಂದ ತಾನಾಗಿ ಬಂದಿತು. ಆ ಉತ್ತರವೇ ಈಗ ಸ್ಪರ್ಧೆಯ ಸ್ಲೈಡಿನಲ್ಲಿದೆ. ನಮಗೆ ಸ್ಪರ್ಧಿಗಳೇ ಇಲ್ಲ ಎಂದು ಬರೆಯುವ ಡೆಕ್ಕುಗಳನ್ನು ಅವರು ಒಪ್ಪುವುದಿಲ್ಲ. ಗಿರಾಕಿ ಇಂದು ಹೇಗೆ ಕೆಲಸ ನಡೆಸುತ್ತಿದ್ದಾನೋ ಅದೇ ಮೊದಲ ಸ್ಪರ್ಧಿ ಎಂಬುದು ಅವರ ನಿಲುವು.

ಕೊರತೆಗಳನ್ನೂ ಹೇಳಬೇಕು. ಕನ್ನಡ ಪ್ರತಿಯ ಮೇಲೆ ಇಂಗ್ಲಿಷ್ ಪ್ರತಿಗೆ ಕೊಟ್ಟಷ್ಟು ಗಮನ ಬಿದ್ದಿಲ್ಲ. ಕೊಬ್ಬರಿ ಸಾಹುಕಾರರ ಮುಂದೆ ಕನ್ನಡದ ಡೆಕ್ಕೇ ಕೆಲಸ ಮಾಡುವುದು, ಆದ್ದರಿಂದ ನಮಗೆ ಅದು ಎರಡನೆಯ ದರ್ಜೆಯ ಕಡತವಲ್ಲ. ಅವರು ಮೊದಲು ಕೊಟ್ಟ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳು ಚದುರಿ, ಸಾಲುಗಳು ಪೆಟ್ಟಿಗೆಯಿಂದ ಹೊರಗೆ ಹರಿದಿದ್ದವು. ಕೆಲವು ಭಾಗಗಳನ್ನು ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದೇ ಇದಕ್ಕೆ ಕಾರಣ. ಎಲ್ಲವನ್ನೂ ನೋಟೋ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಅಕ್ಷರಶೈಲಿಗೆ ಬದಲಿಸಿ, ಪಿಡಿಎಫ್ ಮಾಡಿಕೊಟ್ಟ ಮೇಲೆ ಸರಿಹೋಯಿತು. ಕನ್ನಡ ಅಕ್ಷರಗಳಿಗೆ ಮೇಲೂ ಕೆಳಗೂ ಜಾಗ ಹೆಚ್ಚು ಬೇಕಾಗುವುದರಿಂದ ಇಂಗ್ಲಿಷಿಗೆ ಮಾಡಿದ ಪೆಟ್ಟಿಗೆಗಳಲ್ಲೇ ಕನ್ನಡವನ್ನು ತುಂಬಿದರೆ ಅಕ್ಷರ ಚಿಕ್ಕದಾಗುತ್ತದೆ. ವಯಸ್ಸಾದ ಹೂಡಿಕೆದಾರರು ಕನ್ನಡಕ ಸರಿಪಡಿಸಿಕೊಳ್ಳಬೇಕಾಗುತ್ತದೆ. ಕನ್ನಡ ಪ್ರತಿಯನ್ನು ಮೊದಲಿನಿಂದಲೇ ಬೇರೆಯಾಗಿ ವಿನ್ಯಾಸ ಮಾಡಿದರೆ ಈ ಸೇವೆಗೆ ನಮ್ಮ ಜಿಲ್ಲೆಯಲ್ಲಿ ಸಾಟಿ ಇರುವುದಿಲ್ಲ.

ಇನ್ನೊಂದು ತೊಂದರೆ ಸಮಯದ್ದು. ಇರುವವರು ಇಬ್ಬರೇ, ಒಪ್ಪಿಕೊಳ್ಳುವ ಕೆಲಸ ಹೆಚ್ಚು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ಅದನ್ನು ಮುಂಚಿತವಾಗಿ ತಿಳಿಸಲೂ ಇಲ್ಲ. ಅನುದಾನದ ಅರ್ಜಿಗೆ ಕೊನೆಯ ದಿನ ಹತ್ತಿರವಿರುವವರು ಇಲ್ಲಿಗೆ ಹೋಗುವುದು ಸುರಕ್ಷಿತವಲ್ಲ. ತಿದ್ದುಪಡಿಗೆ ಎರಡು ಸುತ್ತುಗಳನ್ನು ಮಾತ್ರ ಶುಲ್ಕದಲ್ಲಿ ಸೇರಿಸಿದ್ದಾರೆ. ಮಾರುಕಟ್ಟೆಗೆ ಹೋಗಿ ಬಂದು ಲೆಕ್ಕ ಬದಲಿಸಬೇಕೆಂದು ಅವರೇ ಹೇಳುವಾಗ, ಆ ಕಾರಣಕ್ಕೆ ಆಗುವ ತಿದ್ದುಪಡಿಯನ್ನು ಸುತ್ತಿನ ಲೆಕ್ಕಕ್ಕೆ ಸೇರಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅವರಿಗೂ ಇದನ್ನು ಹೇಳಿದ್ದೇನೆ.

ಶುಲ್ಕ ₹35,000, ಜಿಎಸ್‌ಟಿ ಪ್ರತ್ಯೇಕ. ಅರ್ಧ ಮುಂಗಡ, ಅರ್ಧ ಕೆಲಸ ಮುಗಿದ ಮೇಲೆ. ಬಂದ ಹೂಡಿಕೆಯಲ್ಲಿ ಶೇಕಡಾವಾರು ಪಾಲು ಕೇಳುವುದಿಲ್ಲ, ಹೂಡಿಕೆದಾರರನ್ನು ಪರಿಚಯಿಸುತ್ತೇವೆಂದು ಆಸೆಯನ್ನೂ ತೋರಿಸುವುದಿಲ್ಲ. ಇದು ಒಳ್ಳೆಯ ಪದ್ಧತಿ. ಪಾಲು ಕೇಳುವವರಿಗೆ ಡೆಕ್ಕಿನ ಅಂಕಿಗಳನ್ನು ಉಬ್ಬಿಸುವುದರಲ್ಲಿ ಲಾಭವಿರುತ್ತದೆ, ಉಬ್ಬಿದ ಅಂಕಿಗಳಿಗೆ ಮುಂದೆ ಉತ್ತರ ಹೇಳಬೇಕಾದವರು ಮಾತ್ರ ಸ್ಥಾಪಕರು. ಕಾಲೇಜಿನಲ್ಲಿ ಓದುತ್ತಿದ್ದು ಇನ್ನೂ ಗಿರಾಕಿಯನ್ನೇ ಕಾಣದವರಿಗೆ ಈ ಶುಲ್ಕ ದುಬಾರಿ, ಮತ್ತು ಈ ಸೇವೆಯಿಂದ ಅವರಿಗೆ ಸಿಗುವುದೂ ಕಡಿಮೆ. ಅಂಥವರು ಸಿಕೋಯಾದ ಕ್ರಮವನ್ನಿಟ್ಟುಕೊಂಡು ತಾವೇ ಒಂದು ಕರಡು ಬರೆದು, ಹೊಸ ಕಂಪನಿ ಕಟ್ಟುವವರಿಗೆ ನೆರವಾಗುವ, ತಮ್ಮ ಕಾಲೇಜಿನ ಇನ್‌ಕ್ಯುಬೇಷನ್ ಕೇಂದ್ರದಲ್ಲಿ ತೋರಿಸುವುದು ಮೇಲು. ಒಂದಿಷ್ಟು ಗಿರಾಕಿಗಳಿದ್ದು, ಹಣ ಕೊಟ್ಟವರ ರಸೀದಿಗಳಿದ್ದು, ಮುಂದೆ ಯಾರ ಬಳಿ ಹೋಗಬೇಕೆಂದು ತಿಳಿಯದೆ ನಿಂತಿರುವವರಿಗೆ ನಾನು ಇದನ್ನು ಖಂಡಿತವಾಗಿ ಸೂಚಿಸುತ್ತೇನೆ.

ಹೋಗುವವರು ಮುಂಚೆಯೇ ಫೋನ್ ಮಾಡಿ ಸಮಯ ಪಡೆಯಬೇಕು. ಬೆಳಗಿನ ಹೊತ್ತು ಹಿರಿಯರು ಲೆಕ್ಕಕ್ಕೆ, ಮಧ್ಯಾಹ್ನದ ಮೇಲೆ ಯುವತಿ ವಿನ್ಯಾಸಕ್ಕೆ ಸಿಗುತ್ತಾರೆ. ಕಂಪನಿಯ ನೋಂದಣಿ ಪತ್ರ, ಈವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಷೇರುದಾರರ ಪಟ್ಟಿ, ಗಿರಾಕಿಗಳಿಗೆ ಕೊಟ್ಟ ಬಿಲ್ಲುಗಳು, ತಿಂಗಳುವಾರು ಖರ್ಚಿನ ಹಾಳೆ ಇಷ್ಟನ್ನು ಮೊದಲ ದಿನವೇ ಒಯ್ದರೆ ಒಂದು ಭೇಟಿ ಉಳಿಯುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ, ತಿದ್ದಬಹುದಾದ ಮೂಲ ಕಡತವನ್ನೂ ಎಕ್ಸೆಲ್ ಲೆಕ್ಕವನ್ನೂ ಬೀಗವಿಲ್ಲದೆ ಕೊಡಬೇಕೆಂಬ ಸಾಲನ್ನು ಬರೆಸಿಕೊಳ್ಳಿ. ಕೇಳಿದವರಿಗೆ ಅವರು ತಕರಾರಿಲ್ಲದೆ ಕೊಡುತ್ತಾರೆ.